ಮನೆಯವರ ದುಡಿಮೆಗೂ ಒಂದು ಖಾತೆ ಬೇಕು



ನಮ್ಮ ತೋಟಗಳಲ್ಲಿ ಬಹುಮಟ್ಟಿಗೆ ಎಲ್ಲದಕ್ಕೂ ಲೆಕ್ಕವಿದೆ. ಗೊಬ್ಬರಕ್ಕೆ ಲೆಕ್ಕವಿದೆ, ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತಕ್ಕೆ ಲೆಕ್ಕವಿದೆ. ಕೊನೆ ಇಳಿಸುವವನ ಕೂಲಿ, ಅಡಿಕೆ ಸುಲಿಯುವವರ ಕೂಲಿ, ಕಾಫಿ ಹಣ್ಣು ಕೊಯ್ದವರಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟ ಹಣ, ಇವೆಲ್ಲ ಎಲ್ಲಾದರೂ ಒಂದು ಕಡೆ ಬರೆದಿರುತ್ತವೆ. ಬರೆಯದೆ ಉಳಿಯುವುದು ಒಂದೇ. ಅದು ಮನೆಯವರ ದುಡಿಮೆ. ಬೆಳಗಿನ ಜಾವಕ್ಕೆ ಎದ್ದು ನೀರು ತಿರುಗಿಸುವ ಮಗ, ಆಳುಗಳಿಗೆ ಅಡಿಗೆ ಮಾಡಿ ತಾನೂ ಅಂಗಳದಲ್ಲಿ ಅಡಿಕೆ ಹರಡುವ ಸೊಸೆ, ಎಪ್ಪತ್ತು ದಾಟಿದರೂ ಕಣದ ಕಾವಲು ಬಿಡದ ಹಿರಿಯರು, ಇವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಕೇಳಿದರೆ ಎಲ್ಲ ಕಡೆಯೂ ಒಂದೇ ಉತ್ತರ: "ಮನೆಯವರಿಗೆ ಎಂಥ ಸಂಬಳ ಮಾರಾಯ್ರೇ?"

ಈ ಪ್ರಶ್ನೆಗೆ ಉತ್ತರ ಹೇಳುವ ಕಾಲ ಬಂದಿದೆ ಎಂಬುದು ನಮ್ಮ ಅಭಿಪ್ರಾಯ. ಸಣ್ಣ ತೋಟವೆಂದರೆ ಕೇವಲ ಜಮೀನಲ್ಲ, ಅದೊಂದು ಮನೆತನದ ಉದ್ಯಮ. ಉದ್ಯಮದಲ್ಲಿ ದುಡಿದವರ ದುಡಿಮೆ ಎಲ್ಲಿಯೂ ದಾಖಲಾಗದಿದ್ದರೆ ಮುಂದೆ ಏನಾಗುತ್ತದೆ ಎಂಬುದನ್ನು ನಾವು ಸಂಘದ ಕಚೇರಿಯಲ್ಲಿ ಕುಳಿತು ವರ್ಷ ವರ್ಷವೂ ನೋಡುತ್ತಿದ್ದೇವೆ. ಆ ಮಾತಿಗೆ ಬರುವ ಮೊದಲು, ಮನೆತನದ ಕಸುಬು ಬೇರೆಯವರಲ್ಲಿ ಹೇಗೆ ನಡೆದಿದೆ ಎಂದು ನೋಡುವುದಕ್ಕೆ ಓದುಗರನ್ನು ಸ್ವಲ್ಪ ಬಯಲುಸೀಮೆಯ ಕಡೆಗೆ ಕರೆದುಕೊಂಡು ಹೋಗುತ್ತೇವೆ.

ಹಾವೇರಿಯ ಏಲಕ್ಕಿ ಹಾರ

ಹಾವೇರಿ ನಮಗೆ ಹೊಸ ಊರಲ್ಲ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಗುವುದಕ್ಕೆ ಬಹಳ ಹಿಂದಿನಿಂದಲೂ ಅದು ಮಲೆನಾಡಿನ ಏಲಕ್ಕಿಗೆ ಪೇಟೆ. ಘಟ್ಟದ ಏಲಕ್ಕಿ ಅಲ್ಲಿಗೆ ಹೋಗಿ, ಅಲ್ಲಿನ ಬಾವಿಯ ನೀರಿನಲ್ಲಿ ತೊಳೆಸಿಕೊಂಡು ಮುಂದಿನ ಪೇಟೆಗಳಿಗೆ ಹೋಗುತ್ತಿತ್ತು. ಏಲಕ್ಕಿ ಬೆಳೆಯದ ಊರಿಗೆ ಏಲಕ್ಕಿಯ ಹೆಸರು ಬಂದದ್ದು ಹೀಗೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಅಲ್ಲಿ ನಡೆದಾಗಲೂ ಹಾವೇರಿಯನ್ನು ಏಲಕ್ಕಿ ಕಂಪಿನ ನಾಡೆಂದೇ ಎಲ್ಲರೂ ಕರೆದರು.

ಆ ವ್ಯಾಪಾರದ ನೆನಪಾಗಿ ಇಂದಿಗೂ ಉಳಿದಿರುವುದು ಏಲಕ್ಕಿ ಹಾರ. ಪಟವೇಗಾರ ಮನೆತನದವರು ತಲೆಮಾರುಗಳಿಂದ ಇದನ್ನು ಕಟ್ಟುತ್ತ ಬಂದಿದ್ದಾರೆ. ಒಂದೊಂದೇ ಏಲಕ್ಕಿಯನ್ನು ಆರಿಸಿ, ದಾರದಲ್ಲಿ ಸಾಲಾಗಿ ಕೂರಿಸಿ, ರೇಷ್ಮೆ, ಜರಿ, ಮಣಿಗಳಿಂದ ಅಲಂಕರಿಸಿ ಮಾಡುವ ಕೆಲಸ. ಮಂತ್ರಿಗಳ ಕೊರಳಿಗೂ ಅದೇ ಹಾರ, ಮದುವೆಯ ಗಂಡು ಹೆಣ್ಣಿನ ಕೊರಳಿಗೂ ಅದೇ ಹಾರ. ಈ ವಿದ್ಯೆಗೆ ಶಾಲೆಯಿಲ್ಲ. ಮನೆಯೇ ಶಾಲೆ. ಮಕ್ಕಳು ನೋಡುತ್ತ ಕಲಿತು, ಕಲಿಯುತ್ತ ಕಟ್ಟಿ, ಕೊನೆಗೆ ತಾವೇ ಕಲಿಸುವವರಾಗುತ್ತಾರೆ.

ಮನೆತನದ ಕಸುಬಿನ ದೊಡ್ಡ ಬಲ ಇದು. ಹೊರಗಿನಿಂದ ಕೂಲಿ ಕೊಟ್ಟು ತಂದವನಿಗೆ ಈ ಕೈ ಬರುವುದಕ್ಕೆ ಎಷ್ಟು ವರ್ಷ ಬೇಕು! ನಮ್ಮ ತೋಟಗಳಲ್ಲೂ ಹಾಗೆಯೇ. ಯಾವ ಮರದ ಅಡಿಕೆ ಯಾವಾಗ ಬಲಿಯುತ್ತದೆ, ಯಾವ ಮೂಲೆಯಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ, ಕೊಳೆ ಮೊದಲು ಕಾಣಿಸುವುದು ಯಾವ ಸಾಲಿನಲ್ಲಿ ಎಂಬುದನ್ನು ಆ ತೋಟದಲ್ಲೇ ಬೆಳೆದವನು ಮಾತ್ರ ಬಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಾರಕ್ಕೆ ಎಳೆಗಳ ಲೆಕ್ಕವಿದೆ. ಯಾರು ಎಷ್ಟು ಕಟ್ಟಿದರೆಂದು ಸಂಜೆಗೆ ಎಣಿಸಿ ನೋಡಬಹುದು. ತೋಟದ ಕೆಲಸ ಹಾಗಲ್ಲ. ಇಂದು ಬಸಿಗಾಲುವೆ ತೆಗೆದವನ ಕೆಲಸ ಕಾಣುವುದು ಮುಂದಿನ ವರ್ಷದ ಮರದಲ್ಲಿ. ಎಣಿಸಲು ಬಾರದ ಕೆಲಸವನ್ನು ಬರೆದಿಡದಿದ್ದರೆ ಅದು ನಡೆದೇ ಇಲ್ಲ ಎಂಬಂತೆ ಆಗುತ್ತದೆ.

ರಾಣೆಬೆನ್ನೂರಿನ ಬೀಜದ ಹೊಲ

ಎರಡನೆಯದು ರಾಣೆಬೆನ್ನೂರು. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಡಾ. ಬಿ. ಎಚ್. ಕಾತರಕಿಯವರು 'ವರಲಕ್ಷ್ಮಿ' ಎಂಬ ಸಂಕರಣ ಹತ್ತಿಯನ್ನು ಕೊಟ್ಟ ಮೇಲೆ ಈ ಸೀಮೆಯಲ್ಲಿ ಬೀಜೋತ್ಪಾದನೆ ಒಂದು ಕಸುಬಾಗಿ ಬೆಳೆಯಿತು. ಹತ್ತಿಯ ಜೊತೆಗೆ ಟೊಮ್ಯಾಟೊ, ಮೆಣಸಿನಕಾಯಿ ಮುಂತಾದ ತರಕಾರಿ ಬೀಜಗಳೂ ಬಂದವು. ಇಂದು ಬೀಜದ ವ್ಯಾಪಾರವೆಂದರೆ ರಾಣೆಬೆನ್ನೂರಿನ ಹೆಸರು ಬಾರದೆ ಇರದು.

ಕೆಲಸದ ಬಗೆ ಹೀಗಿದೆ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಬಿಡಿಸಿ, ಅದರ ಗಂಡು ಭಾಗವನ್ನು ತೆಗೆದುಹಾಕಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಒಂದು ದಿನ ತಪ್ಪಿದರೆ ಆ ಹೂವು ಹೋಯಿತು. ಹೀಗೆ ಪ್ರತಿಯೊಂದು ಹೂವಿಗೂ ಎರಡು ಸಲ ಕೈ ಮುಟ್ಟಬೇಕಾದ್ದರಿಂದ ಇದು ದೊಡ್ಡ ಹಿಡುವಳಿಯ ಕೆಲಸವಲ್ಲ, ಅರ್ಧ ಎಕರೆ ಒಂದು ಎಕರೆಯಲ್ಲಿ ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಅದರಲ್ಲೂ ಹೆಣ್ಣುಮಕ್ಕಳ ಕೆಲಸ.

ಬೀಜದ ಕಂಪನಿ ಕಿಲೋಗೆ ಇಷ್ಟೆಂದು ದರ ಹೇಳುತ್ತದೆ. ಆ ದರ ಕಟ್ಟುತ್ತದೆಯೋ ಇಲ್ಲವೋ ಎಂದು ರೈತ ನೋಡುವಾಗ ಗೊಬ್ಬರ, ಔಷಧಿ, ಹೊರಗಿನ ಆಳುಗಳ ಖರ್ಚನ್ನು ಕೂಡಿಸುತ್ತಾನೆ. ಹೆಂಡತಿ, ತಂಗಿ, ಮಗಳು ತಿಂಗಳುಗಟ್ಟಲೆ ಹೊಲದಲ್ಲಿ ನಿಂತದ್ದನ್ನು ಕೂಡಿಸುವುದಿಲ್ಲ. ಆದ್ದರಿಂದ ಕಡಿಮೆ ದರವೂ ಅವನಿಗೆ ಲಾಭದಂತೆಯೇ ಕಾಣುತ್ತದೆ. ಮನೆಯವರ ದುಡಿಮೆಯನ್ನು ನಾವು ಪುಕ್ಕಟೆ ಎಂದು ತಿಳಿದರೆ ಕೊಳ್ಳುವವನೂ ಪುಕ್ಕಟೆ ಎಂದೇ ತಿಳಿಯುತ್ತಾನೆ. ಈ ಮಾತು ಹತ್ತಿ ಬೀಜಕ್ಕೆ ಹೇಗೋ ಅಡಿಕೆ ಕಾಫಿಗೂ ಹಾಗೆಯೇ.

ಮಕ್ಕಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗು ತನ್ನ ಮನೆಯ ಕಸುಬಿನಲ್ಲಿ ಕೈಗೂಡಿಸಬಹುದು. ಆದರೆ ಅದು ಶಾಲೆಯ ಸಮಯ ಕಳೆದ ಮೇಲೆ ಅಥವಾ ರಜೆಯಲ್ಲಿ ಮಾತ್ರ, ಅಪಾಯವಿಲ್ಲದ ಕೆಲಸದಲ್ಲಿ ಮಾತ್ರ. ಕೊಯ್ಲಿನ ನೆಪದಲ್ಲಿ ಶಾಲೆ ಬಿಡಿಸುವುದಕ್ಕೆ ಮನೆಯ ಕೆಲಸ ಎಂಬ ಹೆಸರು ಮರೆಯಾಗಲಾರದು.

ಬ್ಯಾಡಗಿಯ ಅಡತಿ ಅಂಗಡಿ

ಮೂರನೆಯದು ಬ್ಯಾಡಗಿ. ನೆರಿಗೆಗಟ್ಟಿದ ಸಿಪ್ಪೆ, ಕಡುಕೆಂಪು ಬಣ್ಣ, ಕಡಿಮೆ ಖಾರದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಡಬ್ಬಿ, ಕಡ್ಡಿ ಎಂದು ಅದರಲ್ಲೇ ಬಗೆಗಳುಂಟು. ಸುತ್ತಲಿನ ತಾಲ್ಲೂಕುಗಳಿಂದಷ್ಟೇ ಅಲ್ಲ, ಬಳ್ಳಾರಿ ರಾಯಚೂರು ಕಡೆಯಿಂದಲೂ ಆಂಧ್ರದಿಂದಲೂ ಮಾಲು ಅಲ್ಲಿಗೆ ಬಂದು ಬೀಳುತ್ತದೆ. ಅಲ್ಲಿನ ಅಡತಿ ಅಂಗಡಿಗಳು ಬಹುಪಾಲು ಮನೆತನದವು. ರೈತ ಮಾಲು ಕಳಿಸುವುದು ಪೇಟೆಗಲ್ಲ, 'ಇಂಥವರ ಅಂಗಡಿ'ಗೆ. ಅಜ್ಜನ ಕಾಲದಲ್ಲಿ ಕಳಿಸಿದವನ ಮೊಮ್ಮಗ ಇಂದಿಗೂ ಅದೇ ಅಂಗಡಿಗೆ ಕಳಿಸುತ್ತಾನೆ.

ಆ ನಂಬಿಕೆಗೂ ಮಿತಿಯಿದೆ ಎಂಬುದನ್ನು 2024ರ ಮಾರ್ಚ್ 11ರಂದು ಬ್ಯಾಡಗಿಯೇ ತೋರಿಸಿತು. ಧಾರಣೆ ಕುಸಿದ ಸಿಟ್ಟಿಗೆ ಜನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟುಹೋದವು. ಅದರ ತಪ್ಪು ಒಪ್ಪುಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ಬೆಲೆ ಹೇಗೆ ನಿಂತಿತು ಎಂಬುದು ಕಣ್ಣಿಗೆ ಕಾಣದಿದ್ದಾಗ ತಲೆಮಾರಿನ ನಂಬಿಕೆಯೂ ಒಂದೇ ಮಧ್ಯಾಹ್ನದಲ್ಲಿ ಹೋಗಬಹುದು ಎಂಬುದಷ್ಟೇ ನಮಗೆ ಬೇಕಾದ ಪಾಠ. ಮಾರುಕಟ್ಟೆಗೆ ಸಲ್ಲುವ ಈ ಮಾತು ಮನೆಗೂ ಸಲ್ಲುತ್ತದೆ.

ಅಂಗಡಿಗಳಿಂದ ನಾವು ಕಲಿಯಬೇಕಾದದ್ದು ಇನ್ನೊಂದಿದೆ. ಅಚ್ಚುಕಟ್ಟಾಗಿ ನಡೆಯುವ ಅಡತಿ ಅಂಗಡಿಯಲ್ಲಿ ದಿವಾಣಜಿ ದಿನದ ಕಿರ್ದಿ ಬರೆದು ಮುಗಿಸದೆ ಬಾಗಿಲು ಹಾಕುವುದಿಲ್ಲ. ಯಜಮಾನನೇ ಗಲ್ಲೆಯಿಂದ ನೂರು ರೂಪಾಯಿ ತೆಗೆದರೂ ಅದು ಅವನ ಹೆಸರಿಗೆ ಖರ್ಚು ಬೀಳುತ್ತದೆ. ಅಂಗಡಿಯ ಖಾತೆ ಬೇರೆ, ಮನೆ ಖರ್ಚಿನ ಖಾತೆ ಬೇರೆ. ಅಣ್ಣ ತಮ್ಮಂದಿರು ಪಾಲುದಾರರಾಗಿದ್ದರೆ ಒಬ್ಬೊಬ್ಬರಿಗೂ ಒಂದೊಂದು ಖಾತೆ. ದೀಪಾವಳಿಯ ಪಾಡ್ಯಕ್ಕೆ ಹೊಸ ವಹಿಯ ಪೂಜೆ ಆಗುವ ಮೊದಲು ಹಳೆಯದು ಮುಗಿಯಬೇಕು. ಅಂಗಡಿಯ ಮಗನಾದರೂ ಮೊದಲು ತೂಕದ ಚೀಟಿ ಬರೆದು, ಚೀಲಕ್ಕೆ ಕೈ ಹಾಕಿ ಮಾಲು ನೋಡಲು ಕಲಿತು, ಆಮೇಲೆ ಗಾದಿಯ ಮೇಲೆ ಕೂರುತ್ತಾನೆ.

ಅಂಗಡಿಯವರೆಲ್ಲ ಆದರ್ಶರೆಂದು ನಾವು ಹೇಳುವುದಿಲ್ಲ. ಅಲ್ಲಿಯೂ ವಾಟ್ನಿ ಜಗಳಗಳುಂಟು. ಹಲಗೆಗಳ ಮೇಲೆ 'ಅಂಡ್ ಸನ್ಸ್', 'ಅಂಡ್ ಬ್ರದರ್ಸ್' ಎಂದು ಎಷ್ಟೋ ಕಡೆ ಓದಿದ್ದೇವೆ. ಹೆಣ್ಣುಮಕ್ಕಳ ಹೆಸರು ಹೇಳುವ ಹಲಗೆ ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ. ಆದರೂ ಮನೆ ಬೇರೆ, ವ್ಯವಹಾರ ಬೇರೆ ಎಂಬ ಗೆರೆಯನ್ನು ಅವರು ಎಳೆದುಕೊಂಡಿದ್ದಾರೆ. ತೋಟಗಾರರಾದ ನಾವು ಅದನ್ನು ಎಳೆದೇ ಇಲ್ಲ.

ಒಂದು ಮನೆಯ ಕಥೆ

ನಮ್ಮ ಸಂಘದ ವ್ಯಾಪ್ತಿಯ ಒಂದು ಮನೆ. ಊರು, ಹೆಸರು ಬೇಡ. ಇಂಥ ಮನೆ ಪ್ರತಿ ಗ್ರಾಮದಲ್ಲೂ ಒಂದಾದರೂ ಇದೆ. ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಇಬ್ಬರು ಗಂಡುಮಕ್ಕಳು ಓದಿ ಬೆಂಗಳೂರು ಸೇರಿದರು, ಮಗಳು ಮದುವೆಯಾಗಿ ಹೋದಳು. ನಡುವಿನವನು ಪದವಿ ಮುಗಿಸಿಯೂ ತಂದೆಯ ಮಾತಿಗೆ ಊರಿನಲ್ಲೇ ನಿಂತ. ಇಪ್ಪತ್ತೆರಡು ವರ್ಷ ದುಡಿದ. ಹಳೆಯ ಅಡಿಕೆಯ ನಡುವೆ ಹೊಸ ಸಸಿ ಇಟ್ಟ, ಕಾಳುಮೆಣಸು ಹಬ್ಬಿಸಿದ, ಕೆರೆ ಹೂಳೆತ್ತಿಸಿದ. ಅವನ ಹೆಂಡತಿ ಅತ್ತೆ ಮಾವಂದಿರ ಕೊನೆಗಾಲದ ಸೇವೆ ಮಾಡಿದಳು. ಪಹಣಿ ತಂದೆಯ ಹೆಸರಿನಲ್ಲಿತ್ತು, ಬ್ಯಾಂಕಿನ ಖಾತೆಯೂ ಸಂಘದ ಷೇರೂ ತಂದೆಯ ಹೆಸರಿನಲ್ಲೇ ಇದ್ದವು. ಖರ್ಚಿಗೆ ಬೇಕಾದಾಗ ಕೇಳಿ ತೆಗೆದುಕೊಳ್ಳುತ್ತಿದ್ದ. ತಂದೆ ತಾಯಿ ಇಬ್ಬರೂ ತೀರಿಕೊಂಡರು. ನಾಲ್ಕು ಪಾಲಾಯಿತು.

ಉಳಿದ ಮೂವರು ಕೇಳಿದ್ದು ತಪ್ಪೇ? ಅಲ್ಲ, ಅದು ಅವರ ನ್ಯಾಯವಾದ ಹಕ್ಕು. ನಡುವಿನವನು "ನನ್ನ ಇಪ್ಪತ್ತೆರಡು ವರ್ಷ ಎಲ್ಲಿ?" ಎಂದದ್ದು ತಪ್ಪೇ? ಅದೂ ಅಲ್ಲ. "ನೀನು ಅಷ್ಟು ವರ್ಷ ತೋಟದ ಆದಾಯ ಉಂಡೆಯಲ್ಲ" ಎಂದು ಅವರು. "ನಾನು ದುಡಿದದ್ದಕ್ಕೆ ತೋಟ ಉಳಿಯಿತು" ಎಂದು ಇವನು. ಇಬ್ಬರ ಮಾತಿಗೂ ಒಂದು ಸಾಲಿನ ಬರಹದ ಆಧಾರವಿಲ್ಲ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಎರಡು ಮಳೆಗಾಲ ಔಷಧಿ ಹೊಡೆಯುವವರಿಲ್ಲದೆ ಕೊಳೆ ರೋಗ ತೋಟವನ್ನು ತಿಂದಿತು. ಹುಟ್ಟುತ್ತ ಅಣ್ಣ ತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ನಮಗೆಲ್ಲ ಗೊತ್ತು. ದಾಯಾದಿತನ ಬೆಳೆಯುವುದು ಇಂಥ ಬರೆಯದ ಪುಟಗಳಲ್ಲಿ ಎಂಬುದನ್ನು ಮಾತ್ರ ನಾವು ಯೋಚಿಸಿದ್ದು ಕಡಿಮೆ.

ಕಾನೂನು ಏನನ್ನುತ್ತದೆ

ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಇನ್ನು ಸಂದೇಹಕ್ಕೆ ಎಡೆಯಿಲ್ಲ. ಹಿಂದೂ ಅವಿಭಕ್ತ ಕುಟುಂಬಗಳಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂಬುದನ್ನು ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ, ಅಂದಿಗೆ ಮದುವೆಯಾಗದಿದ್ದವರಿಗೆ ಕೊಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಮದುವೆಯ ಭೇದವಿಲ್ಲದೆ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಆ ದಿನ ತಂದೆ ಬದುಕಿದ್ದಿರಲಿ ಇಲ್ಲದಿರಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬಾಯಿಮಾತಿನ ಪಾಲನ್ನು ಸಾಮಾನ್ಯವಾಗಿ ಒಪ್ಪಲಾಗದೆಂದೂ ಅದೇ ತೀರ್ಪು ಹೇಳಿದೆ. ಗಡಿಯಾಚೆಯ ಕಾಸರಗೋಡಿನ ನಮ್ಮ ಬಂಧುಗಳಿಗೆ 1976ರ ಡಿಸೆಂಬರ್ 1ರಿಂದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯೇ ಕೇರಳದ ಕಾಯ್ದೆಯಿಂದ ರದ್ದಾಗಿತ್ತು.

ಇವೆಲ್ಲ ಆಸ್ತಿಯ ಹಕ್ಕಿನ ಮಾತಾಯಿತು. ದುಡಿಮೆಯ ಹಕ್ಕಿನ ಮಾತೇನು? ಪಾಲುದಾರಿಕೆ ಮಾಡಿಕೊಂಡವರಿಗೂ 1932ರ ಕಾಯ್ದೆ ಹೇಳುವುದು ಇಷ್ಟು: ಕರಾರಿನಲ್ಲಿ ಬರೆಯದಿದ್ದರೆ ವ್ಯವಹಾರ ನಡೆಸಿದ ಪಾಲುದಾರನಿಗೆ ಸಂಬಳ ಕೇಳುವ ಹಕ್ಕಿಲ್ಲ, ಲಾಭ ನಷ್ಟ ಎಲ್ಲರಿಗೂ ಸಮ. ಅಂದರೆ ದುಡಿದವನೂ ದುಡಿಯದವನೂ ಒಂದೇ. ಬೇರೆ ಬೇಕಾದರೆ ಬರೆದುಕೊಳ್ಳಿ ಎಂದು ಕಾನೂನೇ ಹೇಳುತ್ತಿದೆ.

ಬೇರೆ ದೇಶಗಳಲ್ಲಿ ಈ ವಿಷಯವನ್ನು ಮೊದಲೇ ಯೋಚಿಸಿದ್ದಾರೆ. ಫ್ರಾನ್ಸಿನಲ್ಲಿ 1939ರ ಜುಲೈಯಲ್ಲೇ ಒಂದು ನಿಯಮ ಬಂತು. 18 ವರ್ಷ ತುಂಬಿದ ಮಗನೋ ಮಗಳೋ ಸಂಬಳವಿಲ್ಲದೆ ಅಪ್ಪನ ಜಮೀನಿನಲ್ಲಿ ದುಡಿದಿದ್ದರೆ, ಅಪ್ಪನ ಕಾಲಾನಂತರ ಆಸ್ತಿ ಹಂಚುವ ಮೊದಲು ಆ ದುಡಿಮೆಯ ತಡವಾದ ಸಂಬಳವನ್ನು ಆಸ್ತಿಯಿಂದ ಕೇಳಬಹುದು. ಅದಕ್ಕೆ 10 ವರ್ಷದ ಮಿತಿಯುಂಟು. ಸಂಬಳ ಕಳೆದು ಉಳಿದದ್ದು ಮಕ್ಕಳಿಗೆಲ್ಲ ಹಂಚಿಕೆ. ಜಪಾನಿನಲ್ಲಿ 1995ರಿಂದ ಅಲ್ಲಿನ ಕೃಷಿ ಇಲಾಖೆ ರೈತ ಕುಟುಂಬಗಳು ತಮ್ಮತಮ್ಮಲ್ಲೇ ಒಂದು ಒಪ್ಪಂದ ಬರೆದುಕೊಳ್ಳುವಂತೆ ಪ್ರೋತ್ಸಾಹಿಸುತ್ತಿದೆ. ಯಾರ ಕೆಲಸ ಯಾವುದು, ಎಷ್ಟು ಸಂಬಳ, ರಜೆ ಯಾವಾಗ, ಮುಂದಿನ ಯಜಮಾನಿಕೆ ಯಾರದು ಎಂಬುದೆಲ್ಲ ಅದರಲ್ಲಿ ಇರುತ್ತದೆ. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಒಂದು ನೋಟುಪುಸ್ತಕ ಸಾಕು.

ಲಾಭವೋ ನಷ್ಟವೋ

ಲೆಕ್ಕ ಬರೆದರೆ ಇನ್ನೊಂದು ಉಪಯೋಗವಿದೆ. ಉದಾಹರಣೆಗೆ ಮಾತ್ರ ಒಂದು ತೋಟವನ್ನು ಊಹಿಸಿಕೊಳ್ಳೋಣ. ವರ್ಷದ ಉತ್ಪನ್ನ 6,00,000 ರೂಪಾಯಿ. ಗೊಬ್ಬರ, ಔಷಧಿ, ಕೂಲಿ, ಸಾಗಣೆ ಸೇರಿ ಕೈಯಿಂದ ಹೋದದ್ದು 3,50,000. ಉಳಿತಾಯ 2,50,000, ಲಾಭವೆಂದು ಸಂತೋಷಪಡುತ್ತೇವೆ. ಈಗ ಮಗ ದುಡಿದ 250 ದಿನ, ಸೊಸೆ ದುಡಿದ 150 ದಿನ, ಹಿರಿಯರು ದುಡಿದ 120 ದಿನ, ಎಲ್ಲರಿಗೂ ಒಂದೇ ದರದಲ್ಲಿ ದಿನಕ್ಕೆ 500 ರೂಪಾಯಿಯಂತೆ ಹಾಕಿ. 2,60,000 ಆಯಿತು. ತೋಟ 10,000 ರೂಪಾಯಿ ನಷ್ಟದಲ್ಲಿದೆ! ಮನೆಯವರು ಬೇರೆ ಕಡೆ ಕೂಲಿಗೆ ಹೋಗಿದ್ದರೆ ಸಿಗುತ್ತಿದ್ದುದಕ್ಕಿಂತಲೂ ಕಡಿಮೆ ಈ ತೋಟ ಅವರಿಗೆ ಕೊಟ್ಟಿದೆ. ಇದು ತಿಳಿದರೆ ಯಾವ ಕೆಲಸ ಬಿಡಬೇಕು, ಯಾವ ತುಂಡಿನಲ್ಲಿ ಏನು ಬದಲಿಸಬೇಕು ಎಂದು ಯೋಚಿಸಬಹುದು. ತಿಳಿಯದಿದ್ದರೆ ಹಾಗೆಯೇ ಸಾಗುತ್ತದೆ.

ಇದು ನಮ್ಮ ಹೊಸ ಕಲ್ಪನೆಯೇನೂ ಅಲ್ಲ. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಬೆಳೆಗಳ ಖರ್ಚನ್ನು ಲೆಕ್ಕ ಹಾಕುವಾಗ ಮನೆಯವರ ದುಡಿಮೆಗೂ ಒಂದು ಬೆಲೆ ಕಟ್ಟಿ ಸೇರಿಸುತ್ತದೆ. 2018-19ರ ಮುಂಗಡಪತ್ರದಲ್ಲಿ ಖರ್ಚಿನ ಒಂದೂವರೆ ಪಟ್ಟು ಬೆಂಬಲ ಬೆಲೆ ಎಂದು ಘೋಷಿಸಿದಾಗ ಹಿಡಿದದ್ದು ಆ ಲೆಕ್ಕವನ್ನೇ. ಅಡಿಕೆ ಕಾಫಿ ಆ ಪಟ್ಟಿಯಲ್ಲಿಲ್ಲ. ದೆಹಲಿಯಲ್ಲಿ ಕುಳಿತವರು ಭತ್ತ ಬೆಳೆಯುವವನ ಹೆಂಡತಿಯ ದುಡಿಮೆಗೆ ಬೆಲೆ ಕಟ್ಟುವಾಗ ನಮ್ಮ ಮನೆಯ ದುಡಿಮೆಗೆ ನಾವೇ ಕಟ್ಟದಿದ್ದರೆ ಹೇಗೆ?

ಕಾಫಿ ಬೆಳೆಗಾರರಿಗೆ ಇದು ಇನ್ನೂ ಮುಖ್ಯ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇದ್ದಾಗ ಬೆಳೆದು ಒಪ್ಪಿಸಿದರೆ ಮುಗಿಯುತ್ತಿತ್ತು, ಕಂತುಗಳಲ್ಲಿ ಹಣ ಬರುತ್ತಿತ್ತು. 1992ರಿಂದ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಪೂರ್ಣ ಮುಕ್ತ ಮಾರಾಟ ಬಂದ ಮೇಲೆ ಪ್ರತಿ ಮನೆಯೂ ಒಂದು ವ್ಯಾಪಾರದ ಅಂಗಡಿಯೇ ಆಯಿತು. ಇಂದು ಮಾರಬೇಕೋ ನಾಳೆ ಮಾರಬೇಕೋ, ಹಣ್ಣೋ ಚೆರ್ರಿಯೋ ಪಾರ್ಚ್‌ಮೆಂಟೋ ಎಂದು ನಿರ್ಧರಿಸುವವರು ಮನೆಯವರೇ. ವ್ಯಾಪಾರಿಯ ಕೆಲಸ ನಮ್ಮದಾದ ಮೇಲೆ ವ್ಯಾಪಾರಿಯ ಪುಸ್ತಕವೂ ನಮ್ಮದಾಗಬೇಕು.

ಆಕ್ಷೇಪಣೆಗಳು

ಇದಕ್ಕೆ ಬರುವ ಆಕ್ಷೇಪಣೆಗಳು ನಮಗೆ ಗೊತ್ತಿವೆ. ಮೊದಲನೆಯದು, ಲೆಕ್ಕ ಬಂದರೆ ಪ್ರೀತಿ ಹೋಗುತ್ತದೆ ಎಂಬುದು. ನಾವು ಕಂಡದ್ದು ಬೇರೆ. ತಿಂಗಳಿಗೆ ಎರಡು ಸಾವಿರವಾದರೂ ಸರಿ, ತನ್ನದೆಂಬ ಹಣವಿರುವ ಮಗ ಅಪ್ಪನ ಮುಂದೆ ಕೈಯೊಡ್ಡಿ ನಿಲ್ಲಬೇಕಾಗಿಲ್ಲ. ಅಪ್ಪನೂ "ಮೊನ್ನೆ ಕೊಟ್ಟದ್ದು ಏನಾಯಿತು?" ಎಂದು ಕೇಳಬೇಕಾಗಿಲ್ಲ. ಮದುವೆಯ ಮಾತುಕತೆಯಲ್ಲಿ "ಹುಡುಗನಿಗೆ ಸಂಬಳವೆಷ್ಟು?" ಎಂಬ ಪ್ರಶ್ನೆಗೆ ತಲೆ ತಗ್ಗಿಸಿ ಕೂರುವ ತೋಟದ ಹುಡುಗರು ನಮ್ಮಲ್ಲಿ ಕಡಿಮೆಯೇ? ಆರು ಎಕರೆ ತೋಟ ನೋಡಿಕೊಳ್ಳುವವನಿಗೆ ಹೇಳಿಕೊಳ್ಳಲು ಒಂದು ಸಂಖ್ಯೆ ಇಲ್ಲ.

ಎರಡನೆಯದು, ಹಣ ಬರುವುದು ವರ್ಷಕ್ಕೊಮ್ಮೆ, ತಿಂಗಳ ಸಂಬಳ ಎಲ್ಲಿಂದ ಕೊಡುವುದು ಎಂಬುದು. ಇದರಲ್ಲಿ ಹುರುಳಿದೆ. ಆದರೆ ಕೊಡುವುದು ಬೇರೆ, ಬರೆಯುವುದು ಬೇರೆ. ಕೊಡಲಾಗದ ತಿಂಗಳು ಬಾಕಿ ಎಂದು ಬರೆಯಿರಿ. ಧಾರಣೆ ಬಿದ್ದ ವರ್ಷ ಮನೆಯವರೆಲ್ಲ ಸೇರಿ ಬಾಕಿಯನ್ನು ಬಿಟ್ಟುಕೊಡಲಿ. ಬಿಟ್ಟುಕೊಟ್ಟದ್ದೂ ಪುಸ್ತಕದಲ್ಲಿರಲಿ. 2000ದ ಆಚೀಚೆ ಕಾಫಿಯ ಬೆಲೆ ನೆಲ ಕಚ್ಚಿದಾಗ ಸಣ್ಣ ತೋಟಗಳನ್ನು ಉಳಿಸಿದ್ದು ಮನೆಯವರು ಬಿಟ್ಟುಕೊಟ್ಟ ಕೂಲಿಯೇ. ಆ ತ್ಯಾಗ ಯಾರದು, ಎಷ್ಟು ಎಂದು ಇಂದು ಹೇಳುವವರಿಲ್ಲ.

ಮೂರನೆಯದು ಹಿರಿಯರ ಮನಸ್ಸಿನ ಮಾತು. ಪುಸ್ತಕ ತೆರೆದರೆ ಯಜಮಾನಿಕೆ ಹೋಗುತ್ತದೆ ಎಂಬ ಭಯ. ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. 1923ರಲ್ಲಿ ಶಿರಸಿಯ ತೋಟಗಾರರು ತಮ್ಮ ಮಾರಾಟ ಸಂಘ ಕಟ್ಟಿದರು, 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಬಂತು, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ತೂಕ ಕಣ್ಣೆದುರು ಆಗಬೇಕು, ಲೆಕ್ಕ ಎಲ್ಲರಿಗೂ ಕಾಣಬೇಕು ಎಂಬ ಒತ್ತಾಯವೂ ಆ ಚಳವಳಿಯ ಹಿಂದೆ ಇತ್ತು. ವ್ಯಾಪಾರಿಯಿಂದ ನಾವು ಕೇಳಿದ ನ್ಯಾಯವನ್ನು ನಮ್ಮ ಮಕ್ಕಳು ನಮ್ಮಿಂದ ಕೇಳಿದರೆ ಬೇಸರ ಏಕೆ?

ಮಾಡಬೇಕಾದದ್ದು

ಸದಸ್ಯರಲ್ಲಿ ನಮ್ಮ ಸಲಹೆಗಳು ಇವು.

1. ಮನೆಯಲ್ಲಿ ತೋಟದ ಕೆಲಸ ಮಾಡುವ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಪುಟ ಇಡಿ. ಗಂಡಸರಿಗೂ ಹೆಂಗಸರಿಗೂ ಒಂದೇ ದರ. ದಿನ ಬರೆಯಲಾಗದಿದ್ದರೆ ವಾರಕ್ಕೊಮ್ಮೆ ಬರೆಯಿರಿ.

2. ತೋಟದ ಹಣಕ್ಕೂ ಮನೆ ಖರ್ಚಿಗೂ ಬೇರೆ ಬೇರೆ ಖಾತೆ ಮಾಡಿ. ಮಗಳ ಮದುವೆ, ಮನೆ ದುರಸ್ತಿ, ಮಗನ ಕಾಲೇಜು ಶುಲ್ಕ ತೋಟದ ಖರ್ಚಲ್ಲ.

3. ವರ್ಷಕ್ಕೊಂದು ದಿನ, ದೀಪಾವಳಿಗೆ ಎಲ್ಲರೂ ಊರಿಗೆ ಬಂದಾಗ, ಹೊರಗಿರುವ ಅಣ್ಣ ತಮ್ಮಂದಿರ ಮತ್ತು ಅಕ್ಕ ತಂಗಿಯರ ಎದುರಿಗೆ ಆ ಪುಸ್ತಕ ಓದಿ. ಓದಿದ ಮೇಲೆ ಎಲ್ಲರೂ ಸಹಿ ಹಾಕಲಿ. ಹೊರಗಿರುವವರಿಗೆ ತೋಟದ ಕಷ್ಟ ತಿಳಿಯುತ್ತದೆ, ಒಳಗಿರುವವರ ಮೇಲಿನ ಸಂಶಯ ಹೋಗುತ್ತದೆ.

4. ಮುಂದೆ ತೋಟ ನಡೆಸುವವರು ಯಾರು, ಉಳಿದವರಿಗೆ ಸಲ್ಲಬೇಕಾದದ್ದು ಹೇಗೆ ಎಂಬುದನ್ನು ಹಿರಿಯರು ಬದುಕಿರುವಾಗಲೇ ತೀರ್ಮಾನಿಸಿ. ವಿಭಾಗಪತ್ರವನ್ನು ವಕೀಲರ ಸಲಹೆ ಪಡೆದು ನೋಂದಾಯಿಸಿ. ತೋಟ ನಡೆಸುವವರು ಮಗನೇ ಆಗಬೇಕೆಂದಿಲ್ಲ.

5. ಬೆಳೆ ಸಾಲ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ನಲವತ್ತು ವರ್ಷದ ಮಗ ದುಡಿಯುತ್ತಿದ್ದರೂ ಪಹಣಿ ಅಜ್ಜನ ಹೆಸರಿನಲ್ಲೇ ಇರುವ ಮನೆಗಳು ಹಲವು. ಖಾತೆ ಬದಲಾವಣೆಯನ್ನು ಮುಂದಕ್ಕೆ ಹಾಕಬೇಡಿ. ಸಂಘದ ಷೇರಿಗೂ ನಾಮನಿರ್ದೇಶನ ಮಾಡಿ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ನಮ್ಮ ಮನೆಗಳಲ್ಲಿ ಕೆಸರಾಗುವ ಕೈ ಯಾರದು, ಮೊಸರಾಗುವ ಬಾಯಿ ಯಾರದು ಎಂದು ಒಮ್ಮೆ ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು. ಊರಿನಲ್ಲಿ ಉಳಿದ ಹುಡುಗ ಹುಡುಗಿಯರಿಗೆ ನಾವು ತೋಟದ ಮೇಲಿನ ಅಭಿಮಾನದ ಮಾತನ್ನೇ ಹೇಳುತ್ತ ಬಂದಿದ್ದೇವೆ. ಅಭಿಮಾನ ಅವರಲ್ಲಿ ನಮಗಿಂತ ಕಡಿಮೆಯೇನಿಲ್ಲ, ಇಲ್ಲದಿದ್ದರೆ ಎಂದೋ ಬಸ್ಸು ಹತ್ತಿ ಹೋಗುತ್ತಿದ್ದರು. ಅವರಿಗೆ ಬೇಕಾದದ್ದು ತಮ್ಮ ವರ್ಷಗಳು ಎಲ್ಲಿಗೂ ಸೇರದೆ ಹೋಗುವುದಿಲ್ಲ ಎಂಬ ಭರವಸೆ.

ಸಂಘದ ಕಡೆಯಿಂದಲೂ ಒಂದು ಕೆಲಸ ಆಗಬೇಕು. ನಮ್ಮ ಮಹಾಸಭೆಗೆ ಬರುವವರು ಪಹಣಿದಾರರಾದ ಹಿರಿಯರು. ತೋಟದಲ್ಲಿ ನಿಂತು ದುಡಿಯುವವರು ಮನೆಯಲ್ಲೇ ಉಳಿಯುತ್ತಾರೆ. ಮುಂದಿನ ಮಹಾಸಭೆಗೆ ಪ್ರತಿ ಸದಸ್ಯರೂ ತಮ್ಮ ಮನೆಯ ದುಡಿಯುವ ಒಬ್ಬ ಮಗನನ್ನೋ ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆತರಬೇಕೆಂದು ಕೋರುತ್ತೇವೆ. ಮತ ಸದಸ್ಯರದೇ. ಕಿವಿ ಮತ್ತು ಮಾತು ಅವರದೂ ಇರಲಿ. ಮನೆ ಖಾತೆಯ ಪುಸ್ತಕ ಹೇಗೆ ಬರೆಯಬೇಕೆಂಬ ಮಾದರಿ ಪುಟವನ್ನು ಕಚೇರಿಯಲ್ಲಿ ಸಿದ್ಧಪಡಿಸಿ ಇಟ್ಟಿದ್ದೇವೆ. ಗೊಬ್ಬರದ ಚೀಟಿಗೆ ಬಂದಾಗ ಕೇಳಿ ಪಡೆಯಬಹುದು.

ನಮ್ಮ ಅಭಿಪ್ರಾಯವನ್ನು ಒಪ್ಪದವರೂ ಇರಬಹುದು. ಅವರು ತಮ್ಮ ವಾದವನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ